ತಾನಾಗಿ ಉರುಳಿದ ಕಾರು

ನ್ಯೂಟ್ರಲ್‌ಗೆ ಹಾಕಿ ಬಿಟ್ಟ ಕಾರು ಅಷ್ಟು ದೂರ ಉರುಳಬಾರದಿತ್ತು. ಸ್ಮರಾಂಡಾಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ರೊಮೇನಿಯಾದ ಬಯಲಿನಲ್ಲಿ ಒಂದು ಕಾರು ಕಂಪನಿಯ ಪರೀಕ್ಷಾ ರಸ್ತೆ ಅದು. ಅವಳು ಪರೀಕ್ಷೆಯನ್ನು ಕಣ್ಣಾರೆ ನೋಡಿ ಒಪ್ಪಬೇಕಾದ ಸರ್ಕಾರದ ಕಡೆಯ ಸಾಕ್ಷಿ. ಹೊಸ ಕಾರು ನೂರು ಕಿಲೋಮೀಟರಿಗೆ ಎಷ್ಟು ಪೆಟ್ರೋಲು ಕುಡಿಯುತ್ತದೆಂಬ ಅಧಿಕೃತ ಲೆಕ್ಕ ಸಿಗುವುದು ಪ್ರಯೋಗಶಾಲೆಯಲ್ಲಿ, ಕಾರನ್ನು ನಿಂತಲ್ಲೇ ಓಡಿಸುವ ಉರುಳೆಗಳ ಮೇಲೆ. ಆದರೆ ಆ ಉರುಳೆಗಳನ್ನು ಎಷ್ಟು ಬಿಗಿ ಮಾಡಬೇಕೆಂದು ಹೇಳುವುದು ಈ ರಸ್ತೆ. ವೇಗವಾಗಿ ಓಡಿಸಿ, ಎಂಜಿನ್ನಿನ ಹಂಗಿಲ್ಲದೆ ಬಿಟ್ಟ ಕಾರು ಗಾಳಿಗೂ ನೆಲಕ್ಕೂ ಸೋತು ನಿಧಾನವಾಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುತ್ತಾರೆ. ಇಲ್ಲಿ ಸುಳ್ಳು ಸೇರಿದರೆ ಅಲ್ಲಿನ ಯಂತ್ರ ಅದನ್ನೇ ನಿಜವೆಂದು ನಂಬುತ್ತದೆ.

ಜೊತೆಗೆ ಬಂದಿದ್ದ ಲಿಯೊಂಟಿನ್ ಅವಳಿಗೆ ಈ ಕೆಲಸ ಕಲಿಸಿದ ಹಿರಿಯ. ಅಂಕಿಗಳನ್ನು ನೋಡಿ, ಚೆನ್ನಾಗಿದೆ, ಊಟಕ್ಕೆ ಹೋಗೋಣ ಎಂದ. ಕಂಪನಿಯ ಮುಖ್ಯಸ್ಥ ಟಿಬೇರಿಯು ಆಗಲೇ ಎಲೆಕೋಸಿನ ಸುರುಳಿಗಳನ್ನೂ ಪ್ಲಮ್ ಸಾರಾಯಿಯನ್ನೂ ಜೋಡಿಸಿಟ್ಟಿದ್ದ. ಆ ಉಪಚಾರವೂ ಅವಳಿಗೆ ಸೇರಲಿಲ್ಲ. ಟೈರಿನ ಗಾಳಿ ನೋಡಿದಳು, ಸರಿಯಿತ್ತು. ತೂಕವೂ ಸರಿ. ಗಾಳಿಯ ತಡೆ ತಗ್ಗಿಸಲು ಬಾಗಿಲ ಸಂದುಗಳಿಗೆ ಯಾರೂ ಟೇಪು ಹಚ್ಚಿರಲಿಲ್ಲ.

“ಇನ್ನೂ ಏನು ಹುಡುಕ್ತಿದೀರಿ ಮೇಡಂ? ಕಾರು ಚೆನ್ನಾಗಿದ್ರೂ ತಪ್ಪಾ?” ಎಂದು ಟಿಬೇರಿಯು ನಕ್ಕ.

ಅವಳು ಚಾಲಕನಿಗೆ, ಒಮ್ಮೆ ಬ್ರೇಕನ್ನು ಜೋರಾಗಿ ತುಳಿದು ಆಮೇಲೆ ಅದೇ ಓಟ ಮತ್ತೆ ಓಡಿಸು ಎಂದಳು. ಟಿಬೇರಿಯುವಿನ ನಗು ಅರ್ಧಕ್ಕೇ ನಿಂತಿತು. ಈ ಸಲ ಕಾರು ಮೊದಲಿಗಿಂತ ಬಹಳ ಮುಂಚೆಯೇ ಸೋತಿತು. ಚಕ್ರದ ತಟ್ಟೆಗೆ ತುಸು ಸವರಿಕೊಂಡೇ ಇರಬೇಕಾದ ಬ್ರೇಕ್ ಪ್ಯಾಡುಗಳನ್ನು ಯಾರೋ ಹಿಂದಕ್ಕೆ ದೂಡಿಟ್ಟಿದ್ದರು. ತುಳಿದ ಏಟಿಗೆ ಅವು ತಮ್ಮ ಜಾಗಕ್ಕೆ ಬಂದವು. ಮೆಕ್ಯಾನಿಕ್ಕಿನ ಅಜಾಗ್ರತೆ ಎಂದು ಟಿಬೇರಿಯು ಗೊಣಗಿದ. ಅಂದಿನ ಓಟಗಳೆಲ್ಲ ರದ್ದಾದವು. ಎಲೆಕೋಸು ಆರಿ ತಣ್ಣಗಾಯಿತು.

ವಾಪಸ್ಸು ಬರುವಾಗ ಲಿಯೊಂಟಿನ್, ಕಾರು ಓಡಿಸುತ್ತಿದ್ದ ಅವಳ ಪಕ್ಕದ ಸೀಟಿನಲ್ಲಿ ಕೂತು ಕಿಟಕಿಯಾಚೆಯೇ ನೋಡುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ.

“ನಿಮಗೆ ಗೊತ್ತಿತ್ತಾ?”

“ಗೊತ್ತಿದ್ದಿದ್ರೆ ನಿನ್ನ ಕರ್ಕೊಂಡು ಬರ್ತಿದ್ನಾ ಮಗಳೇ?”

ಆ ಮಾತನ್ನು ಎತ್ತ ತಿರುಗಿಸಿದರೂ ಸರಿಹೋಗುತ್ತಿತ್ತು. ಗೊತ್ತಿದ್ದೇ ಕರೆತಂದಿರಬಹುದು; ಬರಬೇಡ ಎಂದಿದ್ದರೆ ಅವಳಿಗೆ ಅನುಮಾನ ಬರುತ್ತಿತ್ತಲ್ಲ. ಅದು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತು. ಹಿಂದಿನ ವರ್ಷ ಅವನೊಬ್ಬನೇ ಸಾಕ್ಷಿಯಾಗಿದ್ದ ಅದೇ ಕಂಪನಿಯ ಇನ್ನೊಂದು ಕಾರನ್ನು ಮಾರಾಟದ ಅಂಗಡಿಯಿಂದ ತರಿಸಿ, ಅವನಿಗೆ ಹೇಳದೆ ಬೇರೊಂದು ರಸ್ತೆಯಲ್ಲಿ ಪರೀಕ್ಷೆ ಮಾಡಿಸಿದಳು. ಅಂಕಿಗಳು ಅವನು ಬರೆದದ್ದಕ್ಕೆ ಸರಿಯಾಗಿ ಹೊಂದಿದವು.

ಹಗುರಾಗಬೇಕಿದ್ದ ಮನಸ್ಸು ಮತ್ತಷ್ಟು ಭಾರವಾಯಿತು. ಸುದ್ದಿ ಹೇಗೋ ಅವನ ಕಿವಿಗೂ ಬಿದ್ದಿತ್ತು. ಅವಳು ಅವನ ಮೇಜಿನೆದುರು ಹೋಗಿ ನಿಂತಾಗ ಕೂರು ಎನ್ನಲಿಲ್ಲ.

“ಅನುಮಾನ ಪಟ್ಟಿದ್ದು ತಪ್ಪಲ್ಲ. ಅದನ್ನ ಕಲಿಸಿದ್ದು ನಾನೇ,” ಎಂದ. “ಆದ್ರೆ ನನಗೊಂದು ಮಾತು ಹೇಳಿ ಮಾಡಿದ್ರೆ, ನಾನೇ ಬಂದು ಆ ಕಾರು ಓಡಿಸ್ತಿದ್ದೆ.”

ಹೊಸ ಕಾರು ಕಂಪನಿ ಬಯಸಿದ್ದಕ್ಕಿಂತ ಹೆಚ್ಚು ಪೆಟ್ರೋಲಿನ ಅಂಕಿ ಹೊತ್ತು ಮಾರುಕಟ್ಟೆಗೆ ಬಂತು. ನಿವೃತ್ತಿಯಾಗುವ ತನಕ ಲಿಯೊಂಟಿನ್ ಅವಳೊಡನೆ ಪರೀಕ್ಷೆಗಳಿಗೆ ಹೋದ. ಆದರೆ ಕಾರಿನಲ್ಲಿ ಅವಳ ಪಕ್ಕ ಬಿಟ್ಟು ಯಾವಾಗಲೂ ಹಿಂದಿನ ಸೀಟಿನಲ್ಲೇ ಕೂತ.