ಫ್ಯಾಟು ಸಾಲದ ಕಫ

ಕೆನಡಾದವರಿಗೆ ನನ್ನ ಕಫ ಬೇಕಾಗಿತ್ತು.

ಚಿಕ್ಕಬಳ್ಳಾಪುರದ ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷ ಊರವರ ಕಫ, ರಕ್ತ, ಮೂತ್ರಗಳನ್ನೆಲ್ಲ ಬಾಟಲಿಗೆ ತುಂಬಿಸಿದವಳು ನಾನು. 2006ರಲ್ಲಿ ನನ್ನ ಸರದಿ ಬಂತು. ಕೆನಡಾದಲ್ಲಿ ಕಾಯಂ ನೆಲೆಸಲು ನನಗೂ ಗಂಡ ತಿರುಮಲೇಶ್‌ಗೂ ಸೇರಿಸಿ ಅರ್ಜಿ ಹಾಕಿದ್ದೆ. ಇಂಗ್ಲಿಷ್ ಪರೀಕ್ಷೆ, ಪೊಲೀಸ್ ಸರ್ಟಿಫಿಕೇಟು ಎಲ್ಲ ಮುಗಿದು ವೈದ್ಯಕೀಯ ತಪಾಸಣೆಯೊಂದು ಉಳಿದಿತ್ತು. ಗಂಡ ಪಾಸಾದರು. ನನ್ನ ಎಕ್ಸ್‌ರೇ ಎತ್ತಿ ಹಿಡಿದ ಬೆಂಗಳೂರಿನ ಡಾಕ್ಟರು, "ಬಲಗಡೆ ಏನೋ ಮಚ್ಚೆ ಇದೆಯಲ್ಲ ರಾಧಾಮಣಿ" ಎಂದರು. ಚಿಕ್ಕಂದಿನಲ್ಲಿ ನ್ಯುಮೋನಿಯಾ ಆಗಿತ್ತು ಎಂದೆ. ಅವರು ನಂಬಿದರು, ಕೆನಡಾ ನಂಬಬೇಕಲ್ಲ! ಕ್ಷಯವಿಲ್ಲವೆಂದು ತೋರಿಸಲು ಮೂರು ದಿನ ಬೆಳಗಿನ ಕಫ ಕೊಡಬೇಕಿತ್ತು.

ರೋಗವಿಲ್ಲ ಎಂದು ತೋರಿಸಲು ಕಫ ಬೇಕು, ಕಫ ಬರಲು ರೋಗ ಬೇಕು. ನಾನೋ ಗುಂಡುಕಲ್ಲಿನ ಹಾಗಿದ್ದೆ. ಮೊದಲ ದಿನ ಅರ್ಧ ಗಂಟೆ ಕ್ಯಾಕರಿಸಿ ಕೊಟ್ಟದ್ದನ್ನು ಲ್ಯಾಬಿನವರು "ಬರೀ ಎಂಜಲು" ಎಂದು ಚೆಲ್ಲಿದರು. ಇನ್ನೊಮ್ಮೆ ಹೀಗಾದರೆ ಫೈಲು ಮುಚ್ಚುತ್ತಾರೆ ಎಂದು ವೀಸಾ ಏಜೆಂಟ್ ಚಲಪತಿ ಫೋನಿನಲ್ಲೇ ಹೆದರಿಸಿದ.

ಪೆರೇಸಂದ್ರದ ಪಕ್ಕದ ಹಳ್ಳಿಯ ನಮ್ಮ ಮನೆಯಲ್ಲಿ ಕಫ ತರಿಸುವ ಸಂಭ್ರಮ ಶುರುವಾಯಿತು. ಅತ್ತೆ ಹುಳಿ ಮೊಸರು, ಪಚ್ಚಬಾಳೆ ತಿನ್ನಿಸಿ ತಲೆಗೆ ತಣ್ಣೀರು ಹುಯ್ದರು. ಗಂಡ ಐಸ್‌ಕ್ರೀಂ ತಂದು, ನನಗೊಂದು ಕೊಟ್ಟು ತಾವೆರಡು ತಿಂದು, ತಾವೇ ಸೀನತೊಡಗಿದರು.

ಮನೆಯಲ್ಲಿ ಕಫಕ್ಕೆ ಬರವಿಲ್ಲದವರು ಮಾವ ಹನುಮಂತರಾಯಪ್ಪ ಒಬ್ಬರೇ. ಮೂರು ತಿಂಗಳಿಂದ ಕೆಮ್ಮುತ್ತಿದ್ದರು. ಎಕ್ಸ್‌ರೇ ತೆಗೆಸಿ ಎಂದು ಹತ್ತು ಸಲ ಹೇಳಿದ್ದೆ. "ಬೀಡಿ ಕೆಮ್ಮು ಕಣಮ್ಮ, ಅದರ ಪಾಡಿಗೆ ಅದು ಹೋಗ್ತದೆ" ಅನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ, ಮನೆಯ ಸೊಸೆ ನರ್ಸಲ್ಲ.

ಮಾವ ಊರ ಹಾಲಿನ ಡೈರಿಯ ಸೆಕ್ರೆಟರಿ. ಇಪ್ಪತ್ತು ವರ್ಷ ಸ್ಯಾಂಪಲ್ ಬಾಟಲಿಗಳ ನಡುವೆ ಬದುಕಿದವರು. ಬೇಕಾದವರ ಹಾಲು ನೀರಾಗಿದ್ದರೆ ಸ್ಯಾಂಪಲ್ಲಿಗೆ ಒಂದಿಷ್ಟು ಎಮ್ಮೆ ಹಾಲು ಬಿಟ್ಟು ಬೆಲೆ ಕಟ್ಟುವ ಕೊಬ್ಬಿನಂಶ, ಅಂದರೆ ಫ್ಯಾಟು, ಬರಿಸುವುದು ಅವರ ಲೆಕ್ಕದಲ್ಲಿ ಪರೋಪಕಾರ. ಎರಡನೆಯ ದಿನ ನಾನು ಹೇಗೋ ಒಂದಿಷ್ಟು ಕ್ಯಾಕರಿಸಿದ ಬಾಟಲಿಯನ್ನು ಜಗಲಿಯ ಮೇಲಿಟ್ಟು ಸೀರೆ ಬದಲಿಸಲು ಒಳಗೆ ಹೋಗಿದ್ದೆ. ಅಷ್ಟು ಹೊತ್ತು ಸಾಕಾಯಿತು.

ಹತ್ತು ದಿನಕ್ಕೆ ವರದಿ ಬಂತು. ಎರಡನೆಯ ದಿನದ ಕಫದಲ್ಲಿ ಕ್ಷಯದ ಕ್ರಿಮಿಗಳು, ಅದೂ ಧಾರಾಳವಾಗಿ. ನಾನು ಅಂಗಳದಲ್ಲೇ ನಿಂತು ಅದನ್ನು ಮೂರು ಸಲ ಓದಿದೆ.

"ಯಾಕಮ್ಮ, ಈ ಸಲಾನೂ ಸಾಲಲಿಲ್ವಾ?" ಎಂದರು ಮಾವ. "ನೀರು ನೀರಾಗಿತ್ತು ಅಂತ ನಂದೇ ಒಂದಿಷ್ಟು ಸೇರ್ಸಿದ್ನಲ್ಲ!"

"ಅದು ಹಾಲಲ್ಲ ಮಾವ! ನಿಮಗೆ ಟೀಬಿ ಇದೆ. ಅದನ್ನ ನನ್ನ ಹೆಸರಲ್ಲಿ ಕಳಿಸಿದ್ದೀರಿ!" ಎಂದು ಬೀದಿಗೆ ಕೇಳುವಂತೆ ಕೂಗಿದೆ.

ಮಾವ ಬೀದಿಯ ಆಚೆ ಈಚೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಹೆಂಗೂ ನಿನ್ನ ಹೆಸರಲ್ಲಿ ಬರೆದಾಗದೆ, ಹಂಗೇ ಇರ್ಲಿ ಬಿಡಮ್ಮ. ಮಾತ್ರೆ ನೀನು ತಗೊಂಬಾ, ನಾನು ನುಂಗ್ತೀನಿ. ಸೆಕ್ರೆಟರಿಗೇ ಟೀಬಿ ಅಂದ್ರೆ ಡೈರಿಗೆ ಯಾರು ಹಾಲು ಹಾಕ್ತಾರೆ? ನೀನು ಹೆಂಗೂ ಊರು ಬಿಟ್ಟು ಹೋಗೋಳು" ಎಂದರು.

ಅತ್ತೆ ನೆಲ ನೋಡಿದರು. ಗಂಡ ಅತ್ತೆಯನ್ನು ನೋಡಿದರು. ನಾನು ವರದಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮರುದಿನವೇ ಮಾವನ ಕೈ ಹಿಡಿದು ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅವರ ಕಫ, ಅವರ ಬಾಟಲಿ, ಅವರದೇ ಹೆಸರು. ಅಲ್ಲಿಂದ ಬೆಂಗಳೂರಿಗೆ ಹೋಗಿ ನಡೆದದ್ದನ್ನು ನಡೆದ ಹಾಗೇ ಬರೆದುಕೊಟ್ಟೆ. ಡಾಕ್ಟರು ಮೊದಲು ನಕ್ಕರು, ಆಮೇಲೆ ಬೈದರು, ಕೊನೆಗೆ ಕೆನಡಾದವರಿಗೆ ಕಾಗದ ಬರೆದರು. "ನಿಜ ಹೇಳಿ ಕೆಟ್ರಿ ಮೇಡಂ" ಎಂದ ಚಲಪತಿ.

ಆರು ತಿಂಗಳು ಮಾವ ಸರ್ಕಾರದ ನಿಯಮದಂತೆ ಅಂಗನವಾಡಿಯ ಕೊಂಡಮ್ಮನ ಎದುರು ಮಾತ್ರೆ ನುಂಗಿದರು. ಊರಿಗೆಲ್ಲ ಗೊತ್ತಾಯಿತು. ಮೊದಲ ಎರಡು ತಿಂಗಳು ಡೈರಿಯಲ್ಲಿ ಬೇರೆಯವರು ಕೂತರು. ಹಾಲು ಒಂದು ಲೀಟರೂ ಕಡಿಮೆಯಾಗಲಿಲ್ಲ, ಕೆಲವರ ಫ್ಯಾಟು ಮಾತ್ರ ಇಳಿಯಿತು.

ಕೊನೆಗೆ ಕೆನಡಾದಿಂದ ಉತ್ತರ ಬಂತು: ಹೊಸ ಎಕ್ಸ್‌ರೇ, ಹೊಸ ಕಫ, ಎಲ್ಲ ಆಸ್ಪತ್ರೆಯ ಸಿಸ್ಟರ್ ಎದುರಿಗೇ. ಬೇಡವೆಂದರೂ ಮಾವ ಜೊತೆಗೆ ಬೆಂಗಳೂರಿನ ಬಸ್ಸು ಹತ್ತಿದರು. ಎಕ್ಸ್‌ರೇಯಲ್ಲಿ ಮಚ್ಚೆ ಇದ್ದಲ್ಲೇ, ಇದ್ದಷ್ಟೇ ಇತ್ತು. ಉಳಿದದ್ದು ಬಾಟಲಿ. ಕೆಮ್ಮಿದೆ, ಕ್ಯಾಕರಿಸಿದೆ, ಉಪ್ಪುನೀರಿನ ಹಬೆ ಎಳೆದೆ. ಏನೂ ಬರಲಿಲ್ಲ. "ಇವತ್ತೂ ಬರದಿದ್ರೆ ನಾವೇನೂ ಮಾಡಕ್ಕಾಗಲ್ಲ ಮೇಡಂ" ಎಂದಳು ಸಿಸ್ಟರ್. ಕಣ್ಣಲ್ಲಿ ನೀರು ಬಂತು. ಅದು ಕೆನಡಾಕ್ಕೆ ಬೇಕಿರಲಿಲ್ಲ.

ಬಾಗಿಲಲ್ಲಿ ಮಾವ ಇಣುಕಿದರು. ಮೈ ಕೈ ತುಂಬಿಕೊಂಡಿತ್ತು. ಎರಡು ಸಲ ಕೆಮ್ಮಿ ನೋಡಿಕೊಂಡರು. ಬರೀ ಗಾಳಿ.

"ತಪ್ಪು ತಿಳ್ಕೋಬೇಡಮ್ಮ" ಎಂದು ಕೈಚೆಲ್ಲಿದರು. "ಈ ಸಲ ಕೊಡಾಣ ಅಂದ್ರೆ ನನ್ನತ್ರಾನೂ ಇಲ್ಲ."

ಸಿಟ್ಟು ಬರಬೇಕಿತ್ತು, ನಗು ಬಂತು. ಆರು ತಿಂಗಳಿಂದ ನಗದೆ ಉಳಿದದ್ದೆಲ್ಲ ಒಟ್ಟಿಗೇ ಬಂತು. ನಗು ಕೆಮ್ಮಾಯಿತು, ಕೆಮ್ಮು ಎದೆಯ ತಳದಿಂದ ಎದ್ದಿತು. ಸಿಸ್ಟರ್ ಓಡಿ ಬಂದು ಬಾಟಲಿ ಒಡ್ಡಿದಳು, ಬೆಳಕಿಗೆ ಹಿಡಿದು ನೋಡಿ "ಸಾಕು" ಎಂದು ಮೇಲೆ ನನ್ನ ಹೆಸರು ಬರೆದಳು.

ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದೂರದಿಂದಲೇ ಬಾಟಲಿಯನ್ನು ನೋಡಿದರು.

"ಒಳ್ಳೆ ಫ್ಯಾಟು ಬಂದದೆ ಕಣಮ್ಮ" ಎಂದರು.