ರಫ್ ಹಾಳೆಯ ಹಿಂಬದಿ

ರಾಯಚೂರಿನ ಆ ಟ್ಯೂಷನ್ ಕ್ಲಾಸಿನ ಕಟ್ಟಡದ ಮೆಟ್ಟಿಲುಗಳನ್ನು ವೆಂಕೋಬ ಗೋಡೆಗೆ ಭುಜ ತಾಗದಂತೆ, ಮೈಯನ್ನು ಒಳಗೆ ಎಳೆದುಕೊಂಡು ಹತ್ತಿದ. ಮೂಲೆಮೂಲೆಗೂ ಗುಟ್ಕಾ ಉಗುಳು. ಹಳೆಯದು ಒಣಗಿ ಕಪ್ಪಾಗಿತ್ತು, ಹೊಸದು ಇನ್ನೂ ಕೆಳಗಿಳಿಯುತ್ತಿತ್ತು. ಉಗುಳದಿರಲಿ ಎಂದು ಯಾರೋ ದೇವರ ಚಿತ್ರದ ಟೈಲ್ಸ್ ಹಚ್ಚಿಸಿದ್ದರು. ದೇವರ ಮುಖದ ಮೇಲೂ ಕೆಂಪು ಸೋರಿತ್ತು. ವೆಂಕೋಬನಿಗೆ ಮೊದಲಿಂದಲೂ ಹೇಸಿಗೆ ಜಾಸ್ತಿ. ಮದುವೆಯ ಪಂಕ್ತಿಯಲ್ಲಿ ಪಕ್ಕದವನು ಬೆರಳು ಚೀಪಿದರೆ ಅರ್ಧ ಊಟಕ್ಕೆ ಎದ್ದುಬಿಡುವವನು. ಹೆಂಡತಿ ಗೋಪಮ್ಮ ಅವನನ್ನು ‘ಮಡಿವಂತ್ರು’ ಎಂದು ಹಂಗಿಸುತ್ತಿದ್ದಳು.

ಅವನ ಹಿಂದೆ ಮಗಳು ಸುಮಂಗಲಾ, ಎದೆಗವಚಿಕೊಂಡ ಫೈಲಿನಲ್ಲಿ ಅಂಕಪಟ್ಟಿ. ದೇವದುರ್ಗದಲ್ಲಿ ಸೆಕೆಂಡ್ ಪಿಯು ಕಾಮರ್ಸ್ ಓದುತ್ತಿದ್ದಳು. ಉಳಿದ ವಿಷಯಗಳಲ್ಲಿ ಚೆನ್ನಾಗಿಯೇ ಇದ್ದವಳಿಗೆ ಅರ್ಧವಾರ್ಷಿಕ ಪರೀಕ್ಷೆಯ ಸಂಖ್ಯಾಶಾಸ್ತ್ರದಲ್ಲಿ ಮಾತ್ರ ಎಂಬತ್ತಕ್ಕೆ ಹನ್ನೊಂದು. ಪಾಠ ಮಾಡುತ್ತಿದ್ದ ಅತಿಥಿ ಉಪನ್ಯಾಸಕರು ದಸರೆಗೆ ಊರಿಗೆ ಹೋದವರು ತಿರುಗಿ ಬಂದಿರಲಿಲ್ಲ. ಮಾರ್ಚಿಗೆ ಪರೀಕ್ಷೆ. ಇದೊಂದರಲ್ಲಿ ಫೇಲಾದರೆ ಬಿ.ಕಾಂ. ಇಲ್ಲ, ರಾಯಚೂರಿನ ಹಾಸ್ಟೆಲ್ ಇಲ್ಲ. ಅವ್ವನ ಜೊತೆ ಹತ್ತಿ ಬಿಡಿಸುವ ಕೂಲಿ ಹೇಗೂ ಕಾದಿತ್ತು.

ಮೇಲೆ ಗಾಜಿನ ಕೋಣೆಯಲ್ಲಿ ಕ್ಲಾಸಿನ ಯಜಮಾನ ಇಡ್ಲಿ ತಿನ್ನುತ್ತಿದ್ದ. ಅವನ ಬೆನ್ನ ಹಿಂದೆ ಗೋಡೆಯಗಲದ ಫ್ಲೆಕ್ಸು, ಅದರ ತುಂಬ ಪಾಸಾದವರ ಮುಖಗಳು, ನಡುವೆ ‘ನೂರಕ್ಕೆ ನೂರು ಫಲಿತಾಂಶ’. ಚಟ್ನಿ ಹತ್ತಿದ ಬೆರಳಿನಿಂದಲೇ ಅಂಕಪಟ್ಟಿ ಎಳೆದುಕೊಂಡು ಹನ್ನೊಂದರ ಮೇಲೆ ಆ ಬೆರಳಿಟ್ಟ. ಅರವತ್ತಕ್ಕಿಂತ ಕಡಿಮೆಯವರನ್ನು ತಾವು ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಂಡರೆ ಫಲಿತಾಂಶ ಕೆಡುತ್ತದೆ ಎಂದ. ಅಂಕಪಟ್ಟಿ ತಿರುಗಿ ಬಂದಾಗ ಹನ್ನೊಂದರ ಮೇಲೆ ಹಸಿರು ಕಲೆ ಇತ್ತು.

ಇಳಿಯುವಾಗ ಸುಮಂಗಲಾ, “ಯಪ್ಪಾ, ಪಾಸಾಗೋರನ್ನಷ್ಟ ಆರಿಸಿ ತಗೊಂಡ್ರ ನೂರಕ್ಕ ನೂರು ಬರದ ಏನ್ ಬರ್ತದ?” ಎಂದಳು. ವೆಂಕೋಬ ಕರವಸ್ತ್ರ ತೆಗೆದು ಆ ಕಲೆಯನ್ನು ಒರೆಸುತ್ತಲೇ ಇದ್ದ, ಅದು ಹರಡುತ್ತಲೇ ಇತ್ತು.

ಮುಂದಿನ ಭಾನುವಾರ ಮಾನ್ವಿ. ಅಲ್ಲೊಂದು ಅಕ್ಕಿ ಗಿರಣಿಯ ಮಹಡಿಯಲ್ಲಿ ಗಿರಣಿ ಮಾಲೀಕರ ಅಳಿಯ ಚನ್ನವೀರ ಎಂಬವನು ಪಾಠ ಹೇಳುತ್ತಾನೆ ಎಂಬ ಸುದ್ದಿಯಿತ್ತು. ತೌಡಿನ ದೂಳು ಮೂಗಿಗೆ ಅಡರುತ್ತಿತ್ತು. ಚನ್ನವೀರ ನಗುನಗುತ್ತಲೇ ಮಾತಾಡಿಸಿದ, ಅಂಕ ಕೇಳಲಿಲ್ಲ, ಓಣಿ ಕೇಳಿದ. ದೇವದುರ್ಗದ ಕಡೆಯ ಹಳ್ಳಿಯಲ್ಲಿ ಯಾವ ಓಣಿಯವರು ನೀವು? ವೆಂಕೋಬ ಹೇಳಿದ. ನಗು ಹಾಗೇ ಇತ್ತು, ಆದರೆ ಬ್ಯಾಚು ಆಗಲೇ ತುಂಬಿಹೋಗಿತ್ತಂತೆ. ಅವನ ಹಿಂದೆ ನಾಲ್ಕು ಖಾಲಿ ಕುರ್ಚಿಗಳು ಗೋಡೆಗೆ ಒರಗಿದ್ದವು. ತಂದೆ ಮಗಳು ಇಬ್ಬರೂ ಅವನ್ನು ಎಣಿಸಿದರು.

ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಮಾರುವ ಖಾಸಿಂ ಬೀ ಇವರ ಮುಖ ನೋಡಿಯೇ ವಿಚಾರಿಸಿದಳು. ಸ್ಟ್ಯಾಟಿಸ್ಟಿಕ್ಸ್ ಎಂದು ಸುಮಂಗಲಾ ಹೇಳಿದ್ದು ಆಕೆಗೆ ತಿಳಿಯಲಿಲ್ಲ, ಅಂಕಿಸಂಖ್ಯೆಯ ಲೆಕ್ಕ ಎಂದ ಕೂಡಲೇ ತಿಳಿಯಿತು.

“ಅಂಕಿಸಂಖ್ಯೆ ಸಾಹೇಬ್ರು ಅದಾರಲ್ರೀ, ಪಂಪಾಪತಿ ಸಾಹೇಬ್ರು. ರಿಟೈರ್ ಆಗ್ಯಾರ. ಪುಕ್ಕಟ ಹೇಳ್ತಾರ, ಜಾತಿಗೀತಿ ಏನೂ ಕೇಳಂಗಿಲ್ಲ. ಹುಡುಗ್ರು ಮುಗಿಬಿದ್ದು ಹೋಗ್ತಾವ. ಇಲ್ಲೇ ಹಿಂದಿನ ಗಲ್ಲಿ.”

ಆ ಹೆಸರು ವೆಂಕೋಬನಿಗೆ ಹೊಸದಲ್ಲ. ಪಂಪಾಪತಿ ಪಾಠ ಹೇಳುತ್ತಾರೆಂಬುದು ಅವನಿಗೆ ದಸರೆಯಿಂದಲೇ ಗೊತ್ತಿತ್ತು. ಕಾಲು ಆ ಕಡೆ ಏಳದೆ ರಾಯಚೂರು ಸುತ್ತಿ ಬಂದಿದ್ದ. ಈಗ ಮಗಳು ಚಹಾದ ಲೋಟ ಅರ್ಧಕ್ಕೇ ಇಟ್ಟು ಗಲ್ಲಿಯ ಕಡೆ ಹೊರಟೇಬಿಟ್ಟಳು.

ಪಂಪಾಪತಿ ಪಡಸಾಲೆಯಲ್ಲಿ ಕೂತಿದ್ದರು. ಹಣೆಯ ಮೇಲೆ ವಿಭೂತಿ, ಪಕ್ಕದಲ್ಲಿ ಉಗುಳಲು ಒಂದು ಪೇಂಟಿನ ಡಬ್ಬಿ, ಎದುರಿಗೆ ಚಾಪೆಯ ಮೇಲೆ ಹತ್ತು ಹನ್ನೆರಡು ಹುಡುಗ ಹುಡುಗಿಯರು. ತಂಬಾಕು ತಿಕ್ಕಿದ ಹೆಬ್ಬೆರಳನ್ನು ಕಂಬಕ್ಕೆ ಒರೆಸಿ ಕಣ್ಣು ಕಿರಿದು ಮಾಡಿದರು.

“ಯಾರಲೇ ಅದು, ಹಗ್ಗದ ವೆಂಕೋಬ? ಇನ್ನಾ ಅದಿಯೇನಲೇ ನೀ?”

“ಅದೀನ್ರಿ ಸಾಹೇಬ್ರ. ಮಗಳಿಗಿ ಲೆಕ್ಕ ಬೇಕಾಗಿತ್ರಿ.”

“ಕುಂದ್ರಸು. ನಿನ್ನ ಮಗಳಂದ್ರ ನಮ್ಮ ಆಫೀಸಿನ ಮಗಳು.”

ಹಗ್ಗದ ವೆಂಕೋಬ ಎಂದು ಕರೆಯಲು ಕಾರಣವಿತ್ತು. ಅವನು ಊರಿನ ವಾಲಿಕಾರ, ಸರಕಾರಿ ಕಾಗದದಲ್ಲಿ ಗ್ರಾಮ ಸಹಾಯಕ. ಸುಗ್ಗಿಗೆ ಮುಂಚೆ ಬೆಳೆ ಎಷ್ಟು ಬಂದಿದೆ ಎಂದು ತಿಳಿಯಲು ಅಧಿಕಾರಿಗಳು ಕೆಲವು ಹೊಲಗಳಲ್ಲಿ ಐದು ಮೀಟರಿನ ಚೌಕ ಅಳೆದು, ಅಷ್ಟನ್ನು ಮಾತ್ರ ಕೊಯ್ದು, ಬಡಿದು ತೂಗುತ್ತಾರೆ. ಯಾವ ಹೊಲ, ಹೊಲದ ಯಾವ ಭಾಗ ಎಂಬುದನ್ನು ಮನುಷ್ಯ ಆರಿಸುವಂತಿಲ್ಲ, ಅಡ್ಡಾದಿಡ್ಡಿ ಅಂಕಿಗಳ ಒಂದು ಕೋಷ್ಟಕ ಆರಿಸುತ್ತದೆ. ಆ ತೂಕದ ಮೇಲೆ ಇಡೀ ಪಂಚಾಯ್ತಿಯ ಬೆಳೆವಿಮೆ ನಿಂತಿರುತ್ತದೆ. ಗೂಟ ಹೊಡೆದು ಹಗ್ಗ ಹಿಡಿಯುವುದು, ಕೊನೆಗೆ ಕಾಗದದ ಕೆಳಗೆ ಸಾಕ್ಷಿ ಸಹಿ ಹಾಕುವುದು ವೆಂಕೋಬನ ಕೆಲಸ.

ಜಿಗಿಹುಳ ಬಿದ್ದ ವರ್ಷ ಭತ್ತದ ಗದ್ದೆಗಳು ಸುಟ್ಟ ಹಾಗೆ ಆಗಿದ್ದವು. ಒಂದೊಂದು ಗದ್ದೆ ಮಾತ್ರ ಹೇಗೋ ಉಳಿದಿತ್ತು. ಅಳತೆಯ ದಿನ, ಆಗಿನ್ನೂ ಅಂಕಿಸಂಖ್ಯೆ ಇಲಾಖೆಯ ಅಧಿಕಾರಿಯಾಗಿದ್ದ ಪಂಪಾಪತಿ ಜೀಪಿನಲ್ಲಿ ಬಂದರು, ಬಿಸಿಲು ನೋಡಿದರು, ಗದ್ದೆಯ ಬದುವಿಗೂ ಇಳಿಯಲಿಲ್ಲ. ರಸ್ತೆಬದಿಯ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿ, ಬೆರಳು ನೆಕ್ಕಿ ನೆಕ್ಕಿ ಒಂದೊಂದೇ ಕಾಗದ ಎಳೆದು ಹದಿನಾರು ಹೊಲಗಳ ತೂಕ ಬರೆದು ಮುಗಿಸಿದರು. ವೆಂಕೋಬ ಹದಿನಾರು ಸಹಿ ಮಾಡಿದ. ಅವತ್ತೂ ಅವನಿಗೆ ಹೇಸಿಗೆಯಾಗಿತ್ತು, ಆದರೆ ಸಾಹೇಬರ ಎಂಜಲು ಬೆರಳಿಗೆ ಅಷ್ಟೇ. ಹಗ್ಗ ಮಣ್ಣು ಮುಟ್ಟದೆ ಮನೆಗೆ ವಾಪಸಾಯಿತು. ಕಾಗದದ ಪ್ರಕಾರ ಬೆಳೆ ಚೆನ್ನಾಗಿತ್ತು, ಊರಿಗೆ ವಿಮೆ ಬರಲಿಲ್ಲ. ಹಗ್ಗ ಯಾವ ಹೊಲಕ್ಕೆ ಬಿದ್ದಿತ್ತೋ ವೆಂಕೋಬ ಎಂದು ಒಬ್ಬ ಮುದುಕ ಕೇಳಿದ್ದಕ್ಕೆ, ಆ ಕಡೆ ಎಂದು ಕೈ ತೋರಿಸಿದ್ದ. ಮುದುಕ ಆ ಕಡೆ ನೋಡಿ ತಲೆಯಾಡಿಸಿದ್ದ.

ಆದರೆ ಪಂಪಾಪತಿಯ ಪಾಠ! ಕಂಬದ ಮರೆಯಲ್ಲಿ ಕೂತ ವೆಂಕೋಬನಿಗೇ ಅರ್ಥವಾಗುವಂಥದ್ದು. ಮೊದಲ ದಿನವೇ ಒಂದು ಆಟ ಹೂಡಿದರು. ತಾವು ಹಿತ್ತಲಿಗೆ ಹೋಗಿಬರುವಷ್ಟರಲ್ಲಿ ಅರ್ಧ ಹುಡುಗರು ನಾಣ್ಯ ಐವತ್ತು ಸಲ ಚಿಮ್ಮಿ ಬಿದ್ದದ್ದನ್ನು ಬರೆಯಬೇಕು. ಉಳಿದವರು ಚಿಮ್ಮದೆ ಮನಸ್ಸಿನಿಂದಲೇ ಬರೆಯಬೇಕು. ಬಂದು ಹಾಳೆಗಳ ಮೇಲೆ ಕಣ್ಣಾಡಿಸಿ ಸುಳ್ಳು ಯಾವುದು ನಿಜ ಯಾವುದು ಎಂದು ಹೆಚ್ಚುಕಡಿಮೆ ಎಲ್ಲವನ್ನೂ ಬೇರ್ಪಡಿಸಿಬಿಟ್ಟರು. ಮಕ್ಕಳು ಬೆರಗಾದವು.

“ಮನಸಿನಿಂದ ಬರಿಯಾಂವ ಹೆದರ್ತಾನ,” ಎಂದರು ಪಂಪಾಪತಿ ಡಬ್ಬಿಗೆ ಉಗುಳಿ. “ಒಂದ ಬದಿ ಸಾಲಾಗಿ ಐದಾರು ಸಲ ಬರಿಯಂಗಿಲ್ಲ, ನಡುವಿನ ಅಂಕಿ ಬಿಟ್ಟು ದೂರ ಹೋಗಂಗಿಲ್ಲ. ಎಲ್ಲಾನೂ ಒಂದ ಸಮ ಮಾಡ್ತಾನ. ನಿಜ ಅನ್ನೋದು ಹಂಗ ಇರಂಗಿಲ್ಲ, ಅದು ಅಡ್ಡಾದಿಡ್ಡಿ ಇರ್ತದ. ತೂಕದ ಲೆಕ್ಕ ಆದ್ರ ಇನ್ನಾ ಸಸಾರ. ಸುಳ್ಳು ಬರಿಯಾವನ ಕೈ ಸೊನ್ನಿ ಇಲ್ಲಾ ಐದುನೂರು ಗ್ರಾಮಿಗಿ ಹೋಗಿ ನಿಂದ್ರತದ.”

ಇದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಎಳೆ ನಾಚಿಕೆಯಾದರೂ ಇದೆಯೇ ಎಂದು ವೆಂಕೋಬ ಹುಡುಕಿದ. ಇರಲಿಲ್ಲ. ಕೈಕೆಲಸ ಬಲ್ಲವನ ಸಂತೋಷವಿತ್ತು. ಆಮೇಲೆ ಅವರು ಬೆರಳು ನೆಕ್ಕಿ, ಒಂದು ಹಳೆಯ ಕಟ್ಟಿನಿಂದ ರಫ್ ಲೆಕ್ಕಕ್ಕೆಂದು ಎಲ್ಲರಿಗೂ ಹಾಳೆ ಹಂಚಿದರು. ಒಂದು ಬದಿ ಖಾಲಿ. ಇನ್ನೊಂದು ಬದಿಯ ಅಚ್ಚಿನ ಗೆರೆಗಳು ಬಿಸಿಲಿಗೆ ಹಿಡಿದಾಗ ಮೂಡಿ ಕಂಡವು. ಆ ಗೆರೆ ಯಾವುದೆಂದು ವೆಂಕೋಬನಿಗೆ ಕೂತಲ್ಲೇ ತಿಳಿಯಿತು. ಬೆಳೆ ತೂಕದ ಹಳೆ ನಕಲುಗಳನ್ನು ಪಂಪಾಪತಿ ಆಫೀಸಿನಿಂದ ಮನೆಗೆ ಹೊತ್ತು ತಂದಿದ್ದರು.

ವೆಂಕೋಬನಿಗೆ ಮಗಳನ್ನು ಎಬ್ಬಿಸಿಕೊಂಡು ಹೊರಟುಬಿಡಬೇಕು ಅನ್ನಿಸಿತು. ಆದರೆ ಎಲ್ಲಿಗೆ? ಸುಮಂಗಲಾ ಪೆನ್ನು ಕಚ್ಚಿ, ಲೆಕ್ಕ ಬಿಡಿಸಿ, ಎರಡು ತಿಂಗಳಲ್ಲಿ ಮೊದಲ ಸಲ ನಗುತ್ತಿದ್ದಳು.

ಹೀಗೆ ಏಳು ಭಾನುವಾರಗಳಾದವು. ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಂಬತ್ತಕ್ಕೆ ನಲವತ್ತೊಂಬತ್ತು ಬಂತು. ಗೋಪಮ್ಮ ಪಂಪಾಪತಿಗೆಂದು ಶೇಂಗಾದ ಹೋಳಿಗೆ ಕಟ್ಟಿ ಕಳಿಸಿದಳು. ಅವರು ಅಲ್ಲೇ ಎರಡು ತಿಂದು ಎಣ್ಣೆಗೈಯಲ್ಲೇ ಹುಡುಗಿಯ ತಲೆ ಸವರಿದರು. ವೆಂಕೋಬ ಮುಖ ತಿರುಗಿಸಿದ.

ಅವತ್ತು ಬಸ್ಸು ಸಿರವಾರ ದಾಟಿರಬೇಕು. ಸುಮಂಗಲಾ ಬ್ಯಾಗಿನಿಂದ ರಫ್ ಹಾಳೆಗಳ ಕಟ್ಟೊಂದನ್ನು ತೆಗೆದು ತೊಡೆಯ ಮೇಲೆ ಬಿಡಿಸಿದಳು. ತನ್ನವು ಮಾತ್ರವಲ್ಲ, ಉಳಿದ ಹುಡುಗರು ಬಿಸಾಡಿದವನ್ನೂ ಆಯ್ದು ತಂದಿದ್ದಳು. ಎಲ್ಲವೂ ಹಿಂಬದಿಗೆ ತಿರುಗಿದ್ದವು.

“ಹದಿನಾರು ಹೊಲ,” ಎಂದಳು. “ಹದಿಮೂರು ಕೇಜಿ ಐದುನೂರು. ಹದಿನಾಕು ಕೇಜಿ. ಹದಿಮೂರು ಐದುನೂರು. ಹದಿನಾಕು ಐದುನೂರು. ಹಿಂಗ ಹೊಂಟದ ಕಡೀತನಕ. ಇದು ತೂಕ ಮಾಡಿದ್ದಲ್ಲ, ಯಪ್ಪಾ.”

ವೆಂಕೋಬ ಕಿಟಕಿಯಾಚೆ ನೋಡಿದ. ಕಾಲುವೆ ನೀರಿನ ಹಸಿರು ಗದ್ದೆಗಳು ಹಿಂದೆ ಹಿಂದೆ ಸರಿಯುತ್ತಿದ್ದವು.

“ನಮ್ಮೂರಿನ ಸರ್ವೆ ನಂಬರು. ಜಿಗಿಹುಳ ತಿಂದ ವರ್ಷ. ಗದ್ದಿ ಸುಟ್ಟಂಗಾಗಿತ್ತಂತ ಅವ್ವ ಇವತ್ತಿಗೂ ಹೇಳ್ತಾಳ.” ಒಂದು ಹಾಳೆಯ ಕೆಳಗೆ ಬೆರಳಿಟ್ಟಳು. “ಇದು ನಿನ್ನ ಸಹಿ.”

ಸಹಿಯ ಪಕ್ಕದಲ್ಲಿ ರೂಪಾಯಿಯಗಲದ ಎಣ್ಣೆಕಲೆ ಹಳದಿಗಟ್ಟಿತ್ತು. ಕಾಗದ ಅಲ್ಲಿ ಗಾಜಿನಂತೆ ತೆಳುವಾಗಿ, ಅವಳ ಚೂಡಿದಾರದ ಹೂವು ಅದರೊಳಗಿಂದ ಕಾಣುತ್ತಿತ್ತು.

“ಎಲ್ಲಿ ಕುಂತು ಬರದ್ರಿ?”

“ಹೋಟ್ಲಾಗ.”

“ನೀನೂ ತಿಂದಿ?”

ಸಾಹೇಬರೇ ಪ್ಲೇಟು ತನ್ನ ಕಡೆ ಸರಿಸಿದ್ದರು, ಬ್ಯಾಡ ಅನ್ನಲಾಗಲಿಲ್ಲ, ಕೆಲಸ ಹೋಗುತ್ತಿತ್ತು, ನೀನಾಗ ಇನ್ನೂ ಸಣ್ಣವಳು. ಇಷ್ಟೆಲ್ಲ ಬಾಯಿಗೆ ಬಂತು. ಅವಳು ಕೇಳಿದ್ದಕ್ಕೆ ಉತ್ತರ ಮಾತ್ರ ಚಿಕ್ಕದಿತ್ತು.

“ಎರಡು ಮಿರ್ಚಿ,” ಎಂದ.

ಸುಮಂಗಲಾ ಹಾಳೆಗಳನ್ನು ಜೋಡಿಸಿ ಬ್ಯಾಗಿಗೆ ಹಾಕಿದಳು. ಬೆರಳುಗಳನ್ನು ದುಪಟ್ಟಾಕ್ಕೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು. ದೇವದುರ್ಗ ಬರುವ ಹೊತ್ತಿಗೆ ವೆಂಕೋಬ, ಇನ್ನು ಅಲ್ಲಿಗೆ ಹೋಗುವುದು ಬೇಡ, ಬೇರೆ ಯಾರನ್ನಾದರೂ ನೋಡೋಣ ಎಂದ. ತನ್ನ ಧ್ವನಿ ತನಗೇ ಬೇಡಿಕೊಂಡಂತೆ ಕೇಳಿತು.

“ಬ್ಯಾರೆ ಯಾರದಾರ?” ಎಂದಳು ಅವಳು. “ಪರೀಕ್ಷಿ ಇನ್ನ ನಲವತ್ತು ದಿನ ಅದ. ನಾ ಹೋಗ್ತೀನಿ. ಅವರಿಗಿ ಬರೋದು ಇನ್ನೊಬ್ರಿಗಿ ಬರಂಗಿಲ್ಲ. ನೀ ಬರಬ್ಯಾಡ.”

ಮುಂದಿನ ಭಾನುವಾರ ಅವಳು ರಫ್ ಲೆಕ್ಕಕ್ಕೆ ಸ್ವಂತ ನೋಟ್‌ಬುಕ್ ಇಟ್ಟುಕೊಂಡಳು. ಬರಬೇಡವೆಂದರೂ ವೆಂಕೋಬ ಬಸ್ ಸ್ಟ್ಯಾಂಡಿನವರೆಗೆ ಬಂದ, ಗೋಪಮ್ಮ ಕಟ್ಟಿದ ಬುತ್ತಿ ಹಿಡಿದು. ಅವಳ ಪ್ರಯಾಣಕ್ಕೆ ಟಿಕೆಟ್ ದುಡ್ಡೂ ಬೇಕಿರಲಿಲ್ಲ, ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಕೊಡಲು ಅವನ ಹತ್ತಿರ ಬುತ್ತಿ ಬಿಟ್ಟು ಬೇರೇನೂ ಇರಲಿಲ್ಲ. ಬಾಗಿಲ ಹತ್ತಿರ ನೂಕುನುಗ್ಗಲು. ದಾರಿ ಮಾಡಿಕೊಡಲೆಂದು ಅವನು ಬಾಗಿಲಿಗೆ ಒತ್ತಿ ನಿಂತ.

ಸುಮಂಗಲಾ ಬುತ್ತಿಯನ್ನು ಎರಡು ಬೆರಳಲ್ಲಿ ತೆಗೆದುಕೊಂಡಳು. ಆಮೇಲೆ ಅವನಿಗೆ ಭುಜ ತಾಗದಂತೆ, ಮೈಯನ್ನು ಒಳಗೆ ಎಳೆದುಕೊಂಡು ಮೆಟ್ಟಿಲು ಹತ್ತಿದಳು.