ಬಲಗಡೆಯ ಜೇಬು

ಟೇಲರಕ್ಕ ಮೂವತ್ತು ವರ್ಷದಲ್ಲಿ ಮೊದಲ ಸಲ ಅಂಗಡಿಗೆ ಮೂರು ದಿನ ಬೀಗ ಹಾಕಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಬಾಗಿಲ ಮೇಲೆ ‘ಗುರುವಾರ ಬನ್ನಿ’ ಎಂದು ಬರೆದಳು. ಬೀದಿಯವರು ಯಾರೋ ತೀರಿಕೊಂಡಿರಬೇಕು ಎಂದುಕೊಂಡರು. ಸಿನಿಮಾ ತೆಗೆದ ಜಾಗಗಳನ್ನು ನೋಡಲು ಒಬ್ಬಳೇ ಹೊರಟಿದ್ದಾಳೆ ಎಂದು ಗೊತ್ತಾದಾಗ, ತೀರಿಕೊಂಡಿದ್ದರೇ ವಾಸಿಯಿತ್ತು ಎನ್ನುವಂತೆ ಮುಖ ಮಾಡಿದರು.

“ಇರಲಾರದೆ ಇರುವೆ ಬಿಟ್ಕೊಂಡ್ರಂತೆ,” ಎಂದಳು ಅತ್ತೆ. ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ಹೋದ ಮೇಲೆ ತಮ್ಮನ ಮನೆಗೆ ಬಂದವಳು, ಟೇಲರಕ್ಕನನ್ನು ಆರನೆಯ ವಯಸ್ಸಿನಿಂದ ಸಾಕಿ, ಕತ್ತರಿ ಹಿಡಿಯುವುದನ್ನು ಕಲಿಸಿದವಳು. ಈಗ ಎಂಬತ್ತು. ಅಪ್ಪನೂ ಹೋಗಿ ಮನೆಯಲ್ಲಿ ಇವರಿಬ್ಬರೇ. “ಐವತ್ತೆರಡಾಯ್ತು ನಿಂಗೆ. ಈಗ ಹೀರೋ ಹಿಂದೆ ಹೋಗ್ತೀಯಾ? ಅವನಿಗೇ ಮೊಮ್ಮಕ್ಕಳಾಗಿರ್ತಾರೆ.”

“ಹೀರೋ ಯಾರಿಗೆ ಬೇಕು ಅತ್ತೆ? ಜಾಗ ನೋಡ್ಕೊಂಡು ಬರ್ತೀನಿ.”

“ಜಾಗ ಎಲ್ಲಿಗೆ ಓಡಿಹೋಗುತ್ತೆ?”

“ಓಡಿಹೋಗಲ್ಲ, ಕೆಡವ್ತಾರೆ. ಆ ಸ್ಟೇಷನ್ ಕೆಡವಿ ಹೊಸದು ಕಟ್ತಾರಂತೆ. ಪೇಪರಲ್ಲಿ ಬಂದಿತ್ತು.”

ಸ್ಟೇಷನ್ ಎಂದ ಕೂಡಲೇ ಅತ್ತೆ ವಾದ ಬಿಟ್ಟು ಎದ್ದಳು. ಅವಳ ಬಟ್ಟೆ ಮಡಚಿ ಚೀಲಕ್ಕಿಟ್ಟಳು.

ಆ ಸಿನಿಮಾವನ್ನು ಟೇಲರಕ್ಕ ಎಷ್ಟು ಸಲ ನೋಡಿದ್ದಾಳೆ ಎಂದು ಕೇಳಬಾರದು. ಟೆಂಟಿನಲ್ಲಿ, ಥಿಯೇಟರಿನಲ್ಲಿ, ಕ್ಯಾಸೆಟ್ಟಿನಲ್ಲಿ, ಈಗ ಫೋನಿನಲ್ಲಿ. ಹೊಲಿಗೆ ಯಂತ್ರ ತುಳಿಯುತ್ತಲೇ ಇಡೀ ಸಿನಿಮಾದ ಮಾತುಗಳನ್ನು ಒಪ್ಪಿಸಬಲ್ಲಳು, ವಿಲನ್ನಿನ ಕೆಮ್ಮೂ ಸೇರಿ. ಅಳತೆ ಬರೆದುಕೊಳ್ಳುವ ಪುಸ್ತಕದ ಹಿಂಬದಿಯಲ್ಲಿ ಯಾವ ದೃಶ್ಯ ಎಲ್ಲಿ ತೆಗೆದದ್ದು, ಯಾವ ದಿನ ತೆಗೆದದ್ದು ಎಂಬುದೆಲ್ಲ ಇದೆ. ಬೇರೆಯವರು ಆ ಸಿನಿಮಾವನ್ನು ಹಾಡಿಗಾಗಿ ನೋಡಿದರು, ಹೊಡೆದಾಟಕ್ಕಾಗಿ ನೋಡಿದರು. ಟೇಲರಕ್ಕ ನೋಡಿದ್ದು ನಾಲ್ಕು ಸೆಕೆಂಡಿಗಾಗಿ.

ಹೀರೋ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಹೀರೋಯಿನ್ನಿಗಾಗಿ ಕಾಯುತ್ತಾನೆ. ಅವನ ಹಿಂದೆ ಒಂದು ರೈಲು, ನಿಜವಾದ ಪ್ರಯಾಣಿಕರದೇ, ನಿಂತಿದೆ. ತಲೆಗೆ ಬಟ್ಟೆ ಕಟ್ಟಿದ ಒಬ್ಬ ಹೆಂಗಸು ಚೀಲವೊಂದನ್ನು ಎದೆಗವಚಿಕೊಂಡು ರೈಲು ಹತ್ತುತ್ತಾಳೆ. ರೈಲು ಎಡಕ್ಕೆ ಹೊರಡುತ್ತದೆ. ಅಷ್ಟೇ. ಆ ಚೀಲ ಇವರ ಮನೆಯ ಕಿಟಕಿಯ ಪರದೆ ಹರಿದಾಗ ಅಮ್ಮ ಹೊಲಿದದ್ದು, ಹಳದಿ ಹೂವಿನದು. ಆ ಹೆಂಗಸು ಅಮ್ಮ.

ಅಮ್ಮ ಮನೆ ಬಿಟ್ಟಾಗ ಟೇಲರಕ್ಕನಿಗೆ ಆರು ವರ್ಷ. ಅಪ್ಪನ ಸಿಟ್ಟು ಬಾಯಲ್ಲಿ ಶುರುವಾಗಿ ಕೈಯಲ್ಲಿ ಮುಗಿಯುತ್ತಿತ್ತು. ಅಮ್ಮ ಒಂದು ದಿನ ಎದ್ದು ತನ್ನ ತಂಗಿಯ ಊರಿಗೆ ಹೋದಳು, ನಾಲ್ಕು ತಿಂಗಳು ಕಳೆದು ಅಲ್ಲಿಂದ ದೂರದ ಬಟ್ಟೆ ಗಿರಣಿಗೆ ಕೆಲಸಕ್ಕೆ ಹೋದಳು. ಹದಿಮೂರು ವರ್ಷದ ಮೇಲೆ ಗಿರಣಿಯಿಂದ ಅವಳು ಸತ್ತ ಕಾಗದ ಬಂತು. ಅಪ್ಪ ಅವಳ ಫೋಟೋ ಒಂದನ್ನೂ ಉಳಿಸಿರಲಿಲ್ಲ. “ಹೋದೋಳು ತಿರುಗಿ ನೋಡ್ಲಿಲ್ಲ,” ಎನ್ನುವುದೊಂದೇ ಅವನ ಮಾತು.

ಸಿನಿಮಾವನ್ನು ಮೊದಲು ನೋಡಿದ್ದು ಹನ್ನೊಂದನೆಯ ವಯಸ್ಸಿನಲ್ಲಿ, ಅತ್ತೆಯ ಜೊತೆ. ಹುಡುಗಿ “ಅಮ್ಮ!” ಎಂದು ಕೂಗಿ ಎದ್ದು ನಿಂತಿದ್ದಳು. ಅತ್ತೆ ಕೈಹಿಡಿದು ಕೂರಿಸಿ, “ಹೌದು, ಅವಳೇ. ನೋಡು, ಹೋಗ್ತಿದ್ದಾಳೆ,” ಎಂದಿದ್ದಳು. ಆ ಮಾತು ಟೇಲರಕ್ಕನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿದುಬಿಟ್ಟಿತು. ಹೋಗುತ್ತಿರುವುದು ನಿಜ, ಆದರೆ ಎಲ್ಲಿಗೆ? ಅದು ಅಮ್ಮನ ತಂಗಿಯ ಊರಿನ ಸ್ಟೇಷನ್; ಅಲ್ಲಿ ಹಳಿ ಎರಡೇ ಕಡೆಗೆ ಹೋಗುತ್ತದೆ, ಒಂದು ಗಿರಣಿಯ ಕಡೆ, ಇನ್ನೊಂದು ಇವರ ಮನೆಯ ಕಡೆ. ಎಡಕ್ಕೆ ಹೊರಟ ರೈಲು ಇವುಗಳಲ್ಲಿ ಯಾವ ಕಡೆಗೆ ಹೋಯಿತು? ಹೋಗಿ ಒಮ್ಮೆ ನಿಂತು ನೋಡಿದರೆ ಮುಗಿಯಿತು, ಅರ್ಧ ದಿನದ ದಾರಿ. ಆದರೂ ನಲವತ್ತೊಂದು ವರ್ಷ ಹೋಗಲಿಲ್ಲ. ಹೆದರಿಕೆ, ಬೇರೇನಲ್ಲ. ನೋಡದೆ ಇರುವ ತನಕ ಅಮ್ಮ ಮನೆಗೆ ಬರುತ್ತಿದ್ದಳು ಎಂದುಕೊಳ್ಳಬಹುದಿತ್ತು.

ಈ ಹೆದರಿಕೆಯಿಂದಲೇ ಆ ಊರಿಗೆ ರೈಲಿದ್ದರೂ ಬಸ್ಸಿನಲ್ಲಿ ಹೋದಳು, ಸ್ಟೇಷನ್ನನ್ನು ಕೊನೆಯ ದಿನಕ್ಕಿಟ್ಟುಕೊಂಡಳು. ಮೊದಲೆರಡು ದಿನ ಬೇರೆ ಅಭಿಮಾನಿಗಳ ಜೊತೆ ವ್ಯಾನಿನಲ್ಲಿ ತಿರುಗಿದಳು. ಹೀರೋಯಿನ್ ಅಳುತ್ತಾ ಇಳಿಯುವ ಮುಗಿಯದ ಮೆಟ್ಟಿಲುಗಳು ನೋಡಿದರೆ ಮೂವತ್ತೊಂದು. ಪಾಪದವಳನ್ನು ಐದು ಸಲ ಹತ್ತಿಸಿ ಇಳಿಸಿದ್ದರಂತೆ. ಹಸಿರು ಬಾಗಿಲಿನ ಮನೆ ಒಂದು ಬೀದಿಯಲ್ಲಿ, ಆ ಬಾಗಿಲು ತೆರೆದಾಗ ಕಾಣುವ ಕೋಣೆ ಊರಾಚೆಯ ಒಂದು ಗೋದಾಮಿನಲ್ಲಿ. ಹೀರೋ ಹಾರಿದ ಭಯಂಕರ ಹೊಳೆಗೆ ಮೊಣಕಾಲುದ್ದ ನೀರು. ವ್ಯಾನಿನಲ್ಲಿದ್ದ ಒಬ್ಬ ಮೇಷ್ಟ್ರು, ಇಷ್ಟು ವರ್ಷ ನಮ್ಮನ್ನು ಮಂಗ ಮಾಡಿದರಲ್ಲ ಎಂದು ಮುಖ ಗಂಟುಹಾಕಿಕೊಂಡರು. ಸಿನಿಮಾದವರ ಸುಳ್ಳಿಗೆ ಬೇಸರಪಡುವವರು ಟಿಕೆಟ್ ತಗೊಳ್ಳಬಾರದು. ಟೇಲರಕ್ಕನಿಗೆ ಬೇಸರವಾಗಲಿಲ್ಲ. ಒಳಗೆ ನೂರು ತೇಪೆಯಿದ್ದರೂ ಹೊರಗೆ ನೀಟಾಗಿ ಕಾಣುವಂತೆ ಮಾಡುವುದು ಅವಳಿಗೂ ಗೊತ್ತಿದ್ದ ಕಸುಬೇ.

ಮೂರನೆಯ ದಿನ ಬೆಳಿಗ್ಗೆ ಒಬ್ಬಳೇ ಸ್ಟೇಷನ್ನಿಗೆ ಹೋದಳು. ಚಿಕ್ಕ ಸ್ಟೇಷನ್, ಒಂದೇ ಪ್ಲಾಟ್‌ಫಾರ್ಮು. ಹೀರೋ ನಿಂತಿದ್ದ ಜಾಗದಲ್ಲಿ ಅವನದೇ ಆಳೆತ್ತರದ ಕಟೌಟ್ ನಿಲ್ಲಿಸಿದ್ದರು. ಬಂದವರು ಅದರ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಳ್ಳಬಹುದು. ಪಕ್ಕದಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಕೂತಿದ್ದ ಮುದುಕ ಫೋಟೋದವನು ಎದ್ದು ಬಂದ.

“ಬನ್ನಿ ಅಕ್ಕ, ನಿಂತ್ಕೊಳ್ಳಿ. ಅವನೇನೂ ಕಚ್ಚಲ್ಲ.”

“ಫೋಟೋ ಆಮೇಲೆ. ಕ್ಯಾಮೆರಾ ಎಲ್ಲಿಟ್ಟಿದ್ರು, ಗೊತ್ತಾ?”

“ಈ ಗೋಡೆಗೆ ಬೆನ್ನು ಹಾಕಿ. ಎಲ್ಲರೂ ಅದನ್ನೇ ಕೇಳ್ತಾರೆ.”

ಟೇಲರಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಎದುರಿಗೆ ಕಟೌಟು, ಅದರ ಹಿಂದೆ ಹಳಿ. ಎಡಗೈ ಎತ್ತಿ ಕೇಳಿದಳು.

“ಈ ಕಡೆ ಹೋದ್ರೆ ಯಾವೂರು?”

“ಅದು ಗಿರಣಿ ಕಡೆ. ನಿಮ್ಮೂರು ಯಾವುದು?” ಅವಳು ಹೇಳಿದಳು. “ಹಂಗಾದ್ರೆ ನಿಮ್ದು ಬಲಗಡೆ.”

ನಲವತ್ತೊಂದು ವರ್ಷದ ಪ್ರಶ್ನೆಗೆ ಒಂದೇ ಉಸಿರಿನಲ್ಲಿ ಉತ್ತರ ಸಿಕ್ಕಿತು. ಅಪ್ಪ ಹೇಳಿದ್ದೇ ಸರಿ. ಅಮ್ಮ ಹಳದಿ ಚೀಲ ಹಿಡಿದು ಗಿರಣಿಯ ರೈಲು ಹತ್ತಿದ್ದಳು, ಮಗಳಿಗೆ ಬೆನ್ನು ಹಾಕಿ. ಟೇಲರಕ್ಕ ಬೆಂಚಿನ ಮೇಲೆ ಕುಸಿದು ಕೂತಳು. ಅಳು ಬರಲಿಲ್ಲ.

ಮುದುಕ ನೀರು ತಂದುಕೊಟ್ಟ. ಅವಳನ್ನು ಮಾತಿಗೆಳೆಯಲು ಏನೇನೋ ಹೇಳಿದ. “ನೋಡಿ, ಸಿನಿಮಾದಲ್ಲಿ ಈ ನಲ್ಲಿ ಬಲಗಡೆ ಕಾಣುತ್ತೆ. ಇಲ್ಲಿ ನೋಡಿದ್ರೆ ಎಡಗಡೆ ಇದೆ. ರೈಲ್ವೆಯವರು ಆಮೇಲೆ ಕಿತ್ತು ಈ ಕಡೆ ಹಾಕಿರ್ಬೇಕು.”

ಟೇಲರಕ್ಕ ಸುಮ್ಮನೆ ನಲ್ಲಿಯ ಕಡೆ ನೋಡಿದಳು. ಅದರ ಕೆಳಗಿನ ಕಲ್ಲು ನೀರು ಬಿದ್ದು ಬಿದ್ದು ಬಟ್ಟಲಿನಷ್ಟು ಆಳಕ್ಕೆ ಸವೆದಿತ್ತು. ಮೊನ್ನೆ ಮೊನ್ನೆ ಹಾಕಿದ ನಲ್ಲಿಯಲ್ಲ ಅದು. ನಲ್ಲಿಯಿಂದ ಕಣ್ಣು ಕಟೌಟಿನ ಮೇಲೆ ಬಿತ್ತು. ಹೀರೋನ ಶರ್ಟಿನ ಮೇಲೆ ಬಿತ್ತು. ಅಲ್ಲೇ ನಿಂತಿತು.

“ಈ ಶರ್ಟ್ ಹೊಲಿದೋನು ಯಾರ್ರೀ? ಜೇಬು ಬಲಗಡೆ ಇಟ್ಟಿದ್ದಾನೆ.”

“ಆ?”

“ಗಂಡಸರ ಶರ್ಟಿಗೆ ಜೇಬು ಎಡಗಡೆ ಇರುತ್ತೆ. ಗುಂಡಿ ಪಟ್ಟಿನೂ ಉಲ್ಟಾ. ಹೆಂಗಸರ ಬಟ್ಟೆಗೆ ಹಾಕೋ ಹಾಗೆ ಹಾಕಿದೆ.” ಬೇರೆಯವರ ಹೊಲಿಗೆಯಲ್ಲಿ ತಪ್ಪು ಕಂಡಾಗ ಬರುವ ಗತ್ತು, ಆ ದುಃಖದಲ್ಲೂ, ದನಿಯಲ್ಲಿತ್ತು. “ಕಟೌಟ್ ಬರೆದೋನಿಗೆ ಅಷ್ಟೂ ಗೊತ್ತಿಲ್ವಾ?”

“ಬರೆದಿದ್ದಲ್ಲ ಅಕ್ಕ. ಸಿನಿಮಾದಿಂದಾನೇ ತೆಗೆದು ಪ್ರಿಂಟ್ ಹಾಕ್ಸಿದ್ದು. ಹಿಂದಿನ ರೈಲು, ಜನ ಎಲ್ಲ ಕತ್ತರಿಸಿ ಬಿಟ್ಟಿದ್ದಾರೆ, ಅಷ್ಟೇ.”

ಟೇಲರಕ್ಕ ಚೀಲಕ್ಕೆ ಕೈ ಹಾಕಿದಳು. ಫೋನ್ ತೆಗೆದಳು. ಸಿನಿಮಾದ ಆ ಭಾಗ ಹಾಕಿದಳು. ಹೀರೋ ಸ್ಟೇಷನ್ನಿಗೆ ಓಡಿ ಬರುವಾಗ ಜೇಬು ಎಡಗಡೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ, ಹಿಂದೆ ಅಮ್ಮ ರೈಲು ಹತ್ತುವಾಗ, ಜೇಬು ಬಲಗಡೆ. ಹೀರೋಯಿನ್ನನ್ನು ಅಪ್ಪಿಕೊಳ್ಳುವಾಗ ಮತ್ತೆ ಎಡಗಡೆ. ಶರ್ಟು ಅದೇ.

ಮೂವತ್ತು ವರ್ಷ ಶರ್ಟು ಹೊಲಿದವಳು ಇದನ್ನು ನೋಡಿರಲಿಲ್ಲ. ಹೇಗೆ ನೋಡಿಯಾಳು? ಆ ನಾಲ್ಕು ಸೆಕೆಂಡಿನಲ್ಲಿ ಅವಳು ಒಮ್ಮೆಯೂ ಹೀರೋನನ್ನು ನೋಡಿಯೇ ಇರಲಿಲ್ಲ. ಇವತ್ತು ಹಿಂದೆ ಅಮ್ಮ ಇಲ್ಲದ್ದರಿಂದ ಅವನು ಕಣ್ಣಿಗೆ ಬಿದ್ದ.

ಮುದುಕ ಫೋನಿಗೆ ಮುಖ ತಂದು ನೋಡಿ ತೊಡೆ ತಟ್ಟಿಕೊಂಡ. “ಅಯ್ಯೋ, ಇದೊಂದು ಶಾಟ್ ಉಲ್ಟಾ ಹಾಕಿದ್ದಾರೆ! ಹೀರೋಯಿನ್ ಆ ಕಡೆಯಿಂದ ನೋಡ್ತಾಳಲ್ಲ, ಇವನು ಈ ಕಡೆಯಿಂದ ನೋಡ್ಬೇಕು. ಇಲ್ಲಾಂದ್ರೆ ಇಬ್ರೂ ಒಂದೇ ಕಡೆ ನೋಡ್ದಂಗೆ ಕಾಣುತ್ತೆ. ಅದಕ್ಕೆ ಫಿಲ್ಮನ್ನ ಮಗುಚಿಬಿಟ್ಟಿದ್ದಾರೆ. ಕನ್ನಡೀಲಿ ನೋಡಿದ ಹಾಗೆ. ನಾನೊಬ್ಬ ದಡ್ಡ, ಇಷ್ಟು ವರ್ಷ ನಲ್ಲಿ ಕಿತ್ತು ಹಾಕಿದ್ರು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ.”

“ಹಾಗಾದ್ರೆ ಈ ರೈಲು?”

“ರೈಲೂ ಅಷ್ಟೇ. ಎಡಕ್ಕೆ ಹೋದ ಹಾಗೆ ಕಾಣುತ್ತೆ. ನಿಜವಾಗಿ ಹೋಗಿದ್ದು ಬಲಕ್ಕೆ. ನಿಮ್ಮೂರ ಕಡೆಗೇ.”

ಟೇಲರಕ್ಕ ಎದ್ದು ನಿಂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೆ ಬಂದವು. ಅಮ್ಮ ಮನೆಗೆ ಹೊರಟಿದ್ದಳು! ಚೀಲ ಎದೆಗವಚಿಕೊಂಡು, ಆರು ವರ್ಷದ ಮಗಳಿದ್ದ ಮನೆಗೆ. ಈ ಸಂತೋಷ ಒಂದೆರಡು ನಿಮಿಷ ಇತ್ತು. ಆಮೇಲೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂತು. ಹೊರಟವಳು ಬಂದು ಮುಟ್ಟಿದಳೋ ಇಲ್ಲವೋ? ಮುಟ್ಟಿದ್ದರೆ ಬಾಗಿಲಲ್ಲಿ ಯಾರಿದ್ದರು?

ಪುಸ್ತಕ ತೆಗೆದು ದೃಶ್ಯ ತೆಗೆದ ದಿನ ನೋಡಿದಳು. ಅಪ್ಪ ಕೆಲಸಕ್ಕೆ ಹೋಗಿ, ಮನೆಯಲ್ಲಿ ದೊಡ್ಡವರೆಂದರೆ ಅತ್ತೆಯೊಬ್ಬಳೇ ಇರುವಂಥ ವಾರದ ದಿನ. ಅವಳು ಮನೆಗೆ ಫೋನ್ ಮಾಡಿದಳು.

“ಅತ್ತೆ, ಅಮ್ಮ ಮನೆಗೆ ಬಂದಿದ್ಲಾ?”

“ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಬಂದಿದ್ಲಾ?”

“ಬಂದಿದ್ಲು.”

ಮುದುಕ ಮೆಲ್ಲಗೆ ದೂರ ಸರಿದು ಹೋದ.

“ನೀನು ಒಳಗೆ ಮಲಗಿದ್ದೆ,” ಎಂದಳು ಅತ್ತೆ. “ಮಧ್ಯಾಹ್ನ. ಬಾಗಿಲು ತಟ್ಟಿದ್ಲು. ಕಿಟಕೀಲಿ ನೋಡ್ದೆ. ಚಿಲಕ ತೆಗೀಲಿಲ್ಲ ಪುಟ್ಟಿ. ಒಳಗಿಂದಾನೇ ಹೇಳ್ದೆ, ಮಗೂನ ಕರ್ಕೊಂಡು ಅವನು ಊರೇ ಬಿಟ್ಟು ಹೋದ, ಎಲ್ಲಿಗೆ ಅಂತ ನಂಗೂ ಗೊತ್ತಿಲ್ಲ ಅಂತ.”

“ಅವಳು ಏನಂದ್ಲು?”

“ಏನೂ ಅನ್ಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ಲು. ಸಂಜೆ ನಿನ್ನಪ್ಪ ಬರೋ ಹೊತ್ತಿಗೆ ಎದ್ದು ಹೋದ್ಲು.”

“ಅಪ್ಪನಿಗೆ ಗೊತ್ತಿತ್ತಾ?”

“ಇಲ್ಲ. ನಂಗೊಬ್ಬಳಿಗೇ.”

“ಯಾಕೆ ಅತ್ತೆ?” ದನಿ ಏರಿತು. ಪ್ಲಾಟ್‌ಫಾರ್ಮಿನ ಆಚೆ ತುದಿಯಲ್ಲಿದ್ದವರು ತಿರುಗಿ ನೋಡಿದರು. “ಯಾಕೆ?”

“ಅದರ ಹಿಂದಿನ ವಾರ ನೀನು ನನ್ನನ್ನ ಅಮ್ಮ ಅಂತ ಕರೆದಿದ್ದೆ. ನೀನಾಗೇ, ಯಾರೂ ಹೇಳಿಕೊಟ್ಟಿರ್ಲಿಲ್ಲ. ನನ್ನ ಹೊಟ್ಟೇಲಿ ಒಂದೂ ಹುಟ್ಲಿಲ್ಲ. ಅವಳು ಒಳಗೆ ಬಂದ್ರೆ ಆ ಮಾತು ಹೋಗಿಬಿಡುತ್ತೆ ಅನ್ನಿಸ್ತು. ಆಮೇಲೆ ನೀನು ಅಮ್ಮ ಅಂದಾಗೆಲ್ಲ ನಂಗೆ ಆ ಬಾಗಿಲು ತಟ್ಟೋ ಸದ್ದೇ ಕೇಳ್ತಿತ್ತು. ಅದಕ್ಕೇ ಅತ್ತೆ ಅನ್ನು ಅಂತ ಗದರಿಸಿದ್ದು.”

ಟೇಲರಕ್ಕನಿಗೆ ಆ ಗದರಿಕೆ ನೆನಪಿತ್ತು. ತಾನೇನೋ ತಪ್ಪು ಮಾಡಿದೆ, ಅದಕ್ಕೇ ಎರಡನೆಯ ಅಮ್ಮನೂ ಬೇಡವೆಂದಳು ಎಂದು ಆ ದಿನ ಗೋಡೆಗೆ ಮುಖಮಾಡಿ ಅತ್ತದ್ದೂ ನೆನಪಿತ್ತು. ಈಗ ಬೈಯೋಣವೆಂದರೆ ಬಾಯಿ ಬರಲಿಲ್ಲ, ಹೋಗಲಿ ಬಿಡು ಎನ್ನಲು ಮನಸ್ಸು ಬರಲಿಲ್ಲ. ಚಿಲಕ ತೆಗೆಯದೆ ಹೋದದ್ದೂ ಅತ್ತೆಯ ಕೈಯೇ; ಜ್ವರ ಬಂದಾಗ ರಾತ್ರಿಯಿಡೀ ಹಣೆಯ ಮೇಲಿದ್ದದ್ದೂ, ಮೊದಲ ಸಲ ಕತ್ತರಿ ಹಿಡಿದಾಗ ಬೆರಳು ಕೊಯ್ಯದಂತೆ ಕಾಪಾಡಿದ್ದೂ ಈ ಕೈಯೇ. ಯಾವುದನ್ನು ಯಾವುದರಿಂದ ಕಳೆಯುವುದು? ಕಳೆಯಲು ಬರುವಂಥದ್ದಲ್ಲ ಅದು.

ದೂರದಲ್ಲಿ ರೈಲು ಕೂಗಿತು. ಗಿರಣಿಯ ಕಡೆಯಿಂದ ಬಂದು ಪ್ಲಾಟ್‌ಫಾರ್ಮಿನಲ್ಲಿ ನಿಂತಿತು. ಕಿಟಕಿಗಳಲ್ಲಿ ನಿದ್ದೆಗಣ್ಣಿನ ಮುಖಗಳಿದ್ದವು. ಫೋಟೋದವನು ಅವಳ ಚೀಲ ಎತ್ತಿ ಬಾಗಿಲೊಳಗಿಟ್ಟು, ಇದೇ ನಿಮ್ಮದು ಎಂದು ಸನ್ನೆ ಮಾಡಿದ.

“ಪುಟ್ಟಿ,” ಎಂದಳು ಅತ್ತೆ. “ಇದ್ದೀಯಾ? ಮನೆಗೆ ಬರ್ತೀಯಾ?”

“ಬರ್ತೀನಿ. ಸಂಜೆ ಆಗುತ್ತೆ.”

“ಬಾಗಿಲು ತೆಗೆದೇ ಇಟ್ಟಿರ್ತೀನಿ.”

“ಬೇಡ.” ಟೇಲರಕ್ಕ ಕಂಬಿ ಹಿಡಿದು ರೈಲು ಹತ್ತಿದಳು. “ಚಿಲಕ ಹಾಕ್ಕೊಂಡಿರು. ನಾನು ಬಂದು ತಟ್ತೀನಿ. ಎದ್ದು ಬಂದು ತೆಗಿ.”